ವಿದೇಶಿ ಹುಳ ಸಾಕುವ ಆಸೆಯೇ? ಪಾರ್ಸೆಲ್ ತರಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಹೋದ ಬೇಸಿಗೆ ರಜೆಗೆ ರಾಯಚೂರಿನಿಂದ ಅಕ್ಕನ ಮಗ ಬಳ್ಳಾರಿಗೆ ಬಂದಿದ್ದ. ಒಂಬತ್ತನೇ ಕ್ಲಾಸು. ಊಟಕ್ಕೆ ಕೂತಾಗ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಅಂಗೈ ಉದ್ದದ ಕೊಂಬಿನ ದುಂಬಿಯೊಂದು ಜಪಾನಿನ ಹುಡುಗನ ತೋಳಿನ ಮೇಲೆ ನಡೆಯುತ್ತಿತ್ತು.

‘ಮಾಮಾ, ಇದನ್ನ ತರಿಸಬಹುದೇನು? ಒಬ್ಬಾತ ಮಾರ್ತಾನಂತ. ಕೊರಿಯರ್‌ನಾಗೆ ಕಳಿಸ್ತಾನಂತ.’

‘ಸುಮ್ನೆ ಊಟ ಮಾಡು’ ಎನ್ನಬೇಕೆನಿಸಿತು. ಆದರೆ ಹಾಗೆನ್ನಲು ನನಗೆ ಯಾವ ಮುಖ? ಅವನ ವಯಸ್ಸಿನಲ್ಲಿ ನಾನು ಬೆಂಕಿಪೊಟ್ಟಣದಲ್ಲಿ ಹಸಿರು ಮಿಂಚಿನ ಜೀರಂಗಿ ಇಟ್ಟುಕೊಂಡು, ಜಾಲಿ ಸೊಪ್ಪು ತಿನ್ನಿಸುತ್ತಾ ಶಾಲೆಗೆ ಹೋದವನು. ಹಾಗಾಗಿ ಅವನ ಪ್ರಶ್ನೆಯನ್ನು ನಾನೇ ಹೊತ್ತುಕೊಂಡು ನಾಲ್ಕಾರು ಕಡೆ ಅಲೆದೆ. ಒಂದು ಕಚೇರಿಯಲ್ಲಿ ‘ಹುಳಕ್ಕೂ ಲೈಸೆನ್ಸಾ?’ ಎಂದು ನಕ್ಕು ಕಳಿಸಿದರು. ನಗುವ ವಿಷಯವಲ್ಲ ಎಂದು ಆಮೇಲೆ ಗೊತ್ತಾಯಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರದೇಶದ ಜೀವಂತ ಹುಳವನ್ನು ಮನೆಯಲ್ಲಿ ಸಾಕಲಿಕ್ಕೆ ಕಾನೂನಿನ ದಾರಿಯಲ್ಲಿ ತರಿಸುವುದು ನಮ್ಮ ನಿಮ್ಮಂಥವರಿಗೆ ಹೆಚ್ಚುಕಡಿಮೆ ಆಗದ ಕೆಲಸ. ನಮ್ಮದೇ ನೆಲದ ಸಾಮಾನ್ಯ ಹುಳ ಸಾಕಲು ಅಷ್ಟು ತೊಡಕಿಲ್ಲ, ಆದರೆ ಅಲ್ಲೂ ಮುಟ್ಟಬಾರದವು ಇವೆ. ಯಾವುದು ಎಲ್ಲಿಗೆ ಸೇರುತ್ತದೆ ಎಂದು ಕಂಡುಕೊಳ್ಳುವ ಬಗೆ ಹೀಗೆ.

ಮೊದಲ ಹೆಜ್ಜೆ: ಹುಳದ ಪೂರ್ತಿ ಹೆಸರು ಕೇಳಿ

‘ರೈನೋ ಬೀಟಲ್’, ‘ಬ್ಲೂ ಟರಾಂಟುಲಾ’ ಎಂಬುವು ಅಂಗಡಿಯವರ ಹೆಸರುಗಳು. ಕಾನೂನಿಗೆ ಬೇಕಾದದ್ದು ವೈಜ್ಞಾನಿಕ ಹೆಸರು, ಎರಡೂ ಪದ. ಅಕ್ಕನ ಮಗ ತೋರಿಸಿದ್ದು ಹರ್ಕ್ಯುಲಿಸ್ ದುಂಬಿ, ಡೈನಾಸ್ಟಿಸ್ ಹರ್ಕ್ಯುಲಿಸ್. ಇದು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ (ಸೈಟಿಸ್ ಪಟ್ಟಿ) ಇಲ್ಲ. ಆದರೆ ಅದರ ಖಾಸಾ ದಾಯಾದಿ, ಬೊಲಿವಿಯಾದ ಡೈನಾಸ್ಟಿಸ್ ಸಟಾನಾಸ್, ಪಟ್ಟಿಯಲ್ಲಿದೆ. ಎರಡನೇ ಪದ ಬದಲಾದರೆ ಹಿಡಿಯುವ ಕಾನೂನೂ ಬದಲಾಗುತ್ತದೆ.

ಹೆಸರು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಹಳೆಯ ಕಥೆಯಿದೆ. 1795ರಲ್ಲಿ ಬ್ರಿಟಿಷರು ಕೆಂಪು ಬಣ್ಣ ತೆಗೆಯಲಿಕ್ಕೆಂದು ಬ್ರೆಜಿಲ್‌ನಿಂದ ಕೊಚಿನೀಲ್ ಹುಳ ತರಿಸಿದರು. ಬಂದದ್ದು ಬಣ್ಣದ ಹುಳವಲ್ಲ, ಅದರ ಹತ್ತಿರದ ಇನ್ನೊಂದು ಜಾತಿ. ಬಣ್ಣ ಸಿಗಲಿಲ್ಲ. ಬದಲಿಗೆ ಆ ಹುಳ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮೇಯ್ದು ಮುಗಿಸಿತು. ಕಳ್ಳಿ ಹೋದದ್ದು ರೈತರಿಗೆ ಲಾಭವೇ ಆಯಿತು ಅನ್ನಿ. ಆದರೆ ಆ ಹುಳ ಕಳ್ಳಿ ಬಿಟ್ಟು ಹತ್ತಿ ಹಿಡಿದಿದ್ದರೆ?

ಮಾರುವವನು ವೈಜ್ಞಾನಿಕ ಹೆಸರು ಹೇಳದಿದ್ದರೆ, ಅಥವಾ ‘ಅದೆಲ್ಲಾ ಯಾಕೆ ಸರ್’ ಎಂದರೆ, ಅಲ್ಲಿಗೇ ಬಿಡಿ.

ಎರಡನೇ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು ನೋಡಿ

ಹೊರದೇಶದ ಹುಳ ಮೂರು ಬಾಗಿಲು ದಾಟಿ ಬರಬೇಕು: ಅರಣ್ಯ, ಕೃಷಿ, ಕಸ್ಟಮ್ಸ್. ಒಂದು ತೆರೆದಿದೆ ಅಂದಮಾತ್ರಕ್ಕೆ ಉಳಿದೆರಡು ತೆರೆದಿರುವುದಿಲ್ಲ. ‘ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಲೀಗಲ್’ ಎಂದು ಮಾರುವವರು ಹೇಳುವುದು ಮೊದಲ ಬಾಗಿಲಿನ ಮಾತು ಮಾತ್ರ.

ಜನಕ್ಕೆ ಹೆಚ್ಚು ಗೊತ್ತಿರುವುದು ಅರಣ್ಯದ ಬಾಗಿಲು. ಹುಳದ ವಿಷಯದಲ್ಲಿ ಬಿಗಿಯಾದದ್ದು ಕೃಷಿಯದು. 1914ರ ವಿನಾಶಕಾರಿ ಕೀಟ ಮತ್ತು ಪಿಡುಗು ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ ಅಡಿಯಲ್ಲಿ 2003ರಲ್ಲಿ ಸಸ್ಯ ಕ್ವಾರಂಟೈನ್ ಆದೇಶ ಬಂತು. ಜೀವಂತ ಕೀಟ ತರಿಸಲು ಕೇಂದ್ರ ಕೃಷಿ ಸಚಿವಾಲಯದ ಸಸ್ಯ ಸಂರಕ್ಷಣಾ ಸಲಹೆಗಾರರ ಪರ್ಮಿಟ್ ಬೇಕು. ಅವರ ಕಚೇರಿ ಹರಿಯಾಣದ ಫರೀದಾಬಾದಿನಲ್ಲಿದೆ. ಪರ್ಮಿಟ್ ಮೊದಲು, ಹುಳ ಆಮೇಲೆ. ಪಾರ್ಸೆಲ್ ಬಂದ ಮೇಲೆ ಅರ್ಜಿ ಹಾಕುತ್ತೇನೆ ಎಂದರೆ ನಡೆಯುವುದಿಲ್ಲ. ಅರ್ಜಿ ಹಾಕುವವರೂ ಸಾಮಾನ್ಯವಾಗಿ ಸಂಶೋಧನಾ ಸಂಸ್ಥೆಗಳೇ.

ಇಷ್ಟು ಬಿಗಿ ಯಾಕೆ ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಕಡೆಯವರು ಕೇಳಬಾರದು. 2021ರಲ್ಲಿ ಬಳ್ಳಾರಿ, ರಾಯಚೂರು ಕಡೆ ಮೆಣಸಿನಕಾಯಿ ಹೂವಿನೊಳಗೆ ಕಪ್ಪು ಥ್ರಿಪ್ಸ್ ಕೂತದ್ದು ನೆನಪಿದೆಯಲ್ವಾ? ಅದು ಹೊರಗಿನಿಂದ ಬಂದ ಕೀಟ. ಇಲ್ಲಿ ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡದಲ್ಲಿ. ಆರು ವರ್ಷದಲ್ಲಿ ನಮ್ಮ ಮೆಣಸಿನ ಹೊಲಕ್ಕೆ ಬಂತು. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವೂ ಹಾಗೆಯೇ. ಅದು ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕಡೆ. ಇವನ್ನು ಯಾರೂ ಸಾಕಲು ತಂದದ್ದಲ್ಲ. ಆದರೆ ಸಾಕಲು ತಂದು ತಪ್ಪಿಸಿಕೊಂಡದ್ದೂ ಉಂಟು. 1860ರ ದಶಕದ ಕೊನೆಗೆ ಅಮೆರಿಕದ ಮೆಡ್‌ಫರ್ಡ್ ಊರಿನಲ್ಲಿ ಟ್ರೂವೆಲೋ ಎಂಬಾತ ರೇಷ್ಮೆ ಪ್ರಯೋಗಕ್ಕೆಂದು ಯುರೋಪಿನ ಪತಂಗ ಸಾಕಿದ. ಕೆಲವು ಹೊರಬಿದ್ದವು. ಅಲ್ಲಿನ ಕಾಡುಗಳ ಎಲೆಯನ್ನು ಅವು ಇಂದಿಗೂ ಬೋಳಿಸುತ್ತಿವೆ.

ಸರ್ಕಾರವೇ ತರಿಸಿದ ಹುಳ ನೋಡಬೇಕೆಂದರೆ ಮಳೆಗಾಲದಲ್ಲಿ ನಿಮ್ಮ ಬೀದಿಯ ಕಾಂಗ್ರೆಸ್ ಹುಲ್ಲಿನ ಹತ್ತಿರ ಬಗ್ಗಿ. ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿ ಕಾಣುತ್ತದೆ. ಹೆಸರು ಜೈಗೊಗ್ರಾಮಾ ಬೈಕಲರೇಟಾ, ಊರು ಮೆಕ್ಸಿಕೊ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ 1983ರಲ್ಲಿ ಇದನ್ನು ತರಿಸಿತು. ಯಾವ ಯಾವ ಬೆಳೆ ತಿನ್ನುತ್ತದೆ ಎಂದು ಮೊದಲು ಕ್ವಾರಂಟೈನ್‌ನಲ್ಲಿ ಪರೀಕ್ಷಿಸಿ, ಆಮೇಲೆ 1984ರಲ್ಲಿ ಹೊರಗೆ ಬಿಟ್ಟರು. ಇಷ್ಟೆಲ್ಲಾ ಮಾಡಿದರೂ ಕೆಲವೇ ವರ್ಷದಲ್ಲಿ ಸೂರ್ಯಕಾಂತಿ ಗಿಡದ ಮೇಲೆ ಅದು ಕಂಡು ದೊಡ್ಡ ಗದ್ದಲವಾಯಿತು. ವಿಚಾರಣೆಗೆ ಸಮಿತಿಯೇ ಕೂತಿತು. ಕಾಂಗ್ರೆಸ್ ಹುಲ್ಲಿನ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಾಗ ಹುಳ ಮೋಸಹೋಗಿ ಎಲೆಗೆ ಬಾಯಿ ಹಾಕುತ್ತದೆ ಎಂದು ಆಮೇಲೆ ತಿಳಿಯಿತು. ವಿಜ್ಞಾನಿಗಳು ವರ್ಷಗಟ್ಟಲೆ ನೋಡಿ ಬಿಟ್ಟ ಹುಳದ ಪಾಡೇ ಇದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಹುಳವನ್ನು ಯಾರು ಪರೀಕ್ಷಿಸಿದ್ದಾರೆ?

ಹಾಗಾಗಿ ಮಡಗಾಸ್ಕರಿನ ಬುಸುಗುಡುವ ಜಿರಳೆ, ಆಗ್ನೇಯ ಏಷ್ಯಾದ ಎಲೆಹುಳ, ಅಮೆರಿಕದ ದುಂಬಿ ಎಲ್ಲವೂ ಈ ಕೃಷಿಯ ಬಾಗಿಲು ದಾಟಲೇಬೇಕು. ಮೊಟ್ಟೆಯೂ ಹುಳವೇ, ಮರಿಯೂ ಹುಳವೇ. ‘ಬರೀ ಮೊಟ್ಟೆ, ಕವರಿನಲ್ಲಿ ಹಾಕಿ ಕಳಿಸ್ತೀನಿ’ ಎನ್ನುವವರನ್ನು ನಂಬಬೇಡಿ. ಜೊತೆಗೆ ಬರುವ ಮಣ್ಣು, ಕೊಳೆತ ಮರದ ಪುಡಿ, ಎಲೆ ಇವಕ್ಕೂ ಕ್ವಾರಂಟೈನ್ ನಿಯಮ ಬೇರೆಯೇ ಇದೆ.

ಮೂರನೇ ಹೆಜ್ಜೆ: ಸೈಟಿಸ್ ಪಟ್ಟಿ ನೋಡಿ

ಸೈಟಿಸ್ ಎಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತಾರಾಷ್ಟ್ರೀಯ ಒಪ್ಪಂದ. 1973ರಲ್ಲಿ ಆದದ್ದು, 1976ರಲ್ಲಿ ಭಾರತವೂ ಸೇರಿತು. ಅದರ ಪಟ್ಟಿಯಲ್ಲಿರುವ ಹುಳಗಳು ತೀರಾ ಹೆಚ್ಚೇನಿಲ್ಲ. ಪಾಪುವಾ ನ್ಯೂಗಿನಿಯ ರಾಣಿ ಅಲೆಕ್ಸಾಂಡ್ರಾ ಚಿಟ್ಟೆ ಅತಿ ಬಿಗಿಯಾದ ಒಂದನೇ ಪಟ್ಟಿಯಲ್ಲಿದೆ. ಬರ್ಡ್‌ವಿಂಗ್ ಚಿಟ್ಟೆಗಳ ಇಡೀ ಗುಂಪು ಎರಡನೇ ಪಟ್ಟಿಯಲ್ಲಿದೆ. ನಮ್ಮ ರಾಜ್ಯದ ಚಿಟ್ಟೆ, ಕನ್ನಡ ಬಾವುಟದ ಬಣ್ಣ ಹೊತ್ತ ಸದರ್ನ್ ಬರ್ಡ್‌ವಿಂಗ್ ಕೂಡ ಅದರಲ್ಲೇ ಬರುತ್ತದೆ.

ಜೇಡ, ಚೇಳು ಹುಳಗಳಲ್ಲ. ಆದರೆ ಮಾರುವವರು ಒಂದೇ ಅಂಗಡಿಯಲ್ಲಿಟ್ಟು ಮಾರುವುದರಿಂದ ಹೇಳಲೇಬೇಕು. ಮೆಕ್ಸಿಕೊದ ಕೆಂಪು ಮೊಣಕಾಲಿನ ಟರಾಂಟುಲಾದ ಗುಂಪು, ಆಫ್ರಿಕಾದ ಎಂಪರರ್ ಚೇಳು ಎರಡೂ ಎರಡನೇ ಪಟ್ಟಿಯಲ್ಲಿವೆ. 2019ರಿಂದ ಭಾರತ ಮತ್ತು ಶ್ರೀಲಂಕಾದ ಪೊಯ್ಸಿಲೊಥೀರಿಯಾ ಜೇಡಗಳೂ ಸೇರಿವೆ.

ಈ ಕೊನೆಯದರ ಬಗ್ಗೆ ಒಂದು ಮಾತು, ಯಾಕೆಂದರೆ ಅದು ನಮ್ಮ ನೆರೆಮನೆಯದು. ವಿದೇಶಿ ಜಾಲತಾಣಗಳಲ್ಲಿ ‘ಗೂಟಿ ಸಫೈರ್’ ಎಂದು ಮಾರುವ, ಇದೇ ಗುಂಪಿನ ಕಡುನೀಲಿ ಜೇಡವಿದೆ. ಆ ಗೂಟಿ ಎಂದರೆ ನಮ್ಮ ಪಕ್ಕದ ಆಂಧ್ರದ ಗುತ್ತಿ! ಬಳ್ಳಾರಿಯಿಂದ ಗುಂತಕಲ್ ದಾಟಿದರೆ ಸಿಗುವ ಅದೇ ರೈಲ್ವೆ ಜಂಕ್ಷನ್ನು, ಸುಮಾರು 80 ಕಿ.ಮೀ. ಅಲ್ಲಿನ ರೈಲ್ವೆ ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕ ಒಂದು ಜೇಡವನ್ನು ನೋಡಿ ಪೊಕಾಕ್ ಎಂಬ ವಿಜ್ಞಾನಿ 1899ರಲ್ಲಿ ಹೆಸರಿಟ್ಟ. ಆಮೇಲೆ ನೂರು ವರ್ಷ ಅದರ ಸುದ್ದಿಯಿರಲಿಲ್ಲ. 2001ರಲ್ಲಿ ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಪ್ರಾಯಶಃ ಮೊದಲನೆಯದೂ ಅಲ್ಲಿಂದಲೇ ಕಟ್ಟಿಗೆಯ ಜೊತೆ ರೈಲು ಹತ್ತಿ ಬಂದಿತ್ತು. ಇಡೀ ಜಗತ್ತಿನಲ್ಲಿ ಅದು ಕಾಡಿನಲ್ಲಿ ಉಳಿದಿರುವುದು ಬಹಳ ಚಿಕ್ಕ ಜಾಗದಲ್ಲಿ. ಯಾರಾದರೂ ‘ಲೋಕಲ್ ಮಾಲು, ಇಂಪೋರ್ಟ್ ತಂಟೆಯಿಲ್ಲ’ ಎಂದು ಅದನ್ನು ಮಾರಲು ಬಂದರೆ, ಕಾಡಿನಿಂದ ಕದ್ದದ್ದು ಎಂದೇ ತಿಳಿಯಿರಿ.

ಪಟ್ಟಿಯಲ್ಲಿರುವ ಜೀವಿಯನ್ನು ತರಿಸಲು ಹೊರದೇಶದ ರಫ್ತು ಪರ್ಮಿಟ್, ನಮ್ಮ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ನಿರಾಕ್ಷೇಪಣಾ ಪತ್ರ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಇಷ್ಟೂ ಬೇಕು. ಪರಿಪಾಲಕರ ಕಚೇರಿ ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಇಲ್ಲಿಂದ ಶುರುಮಾಡುವವರು ಜಿಲ್ಲೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೈಯಲ್ಲಿದ್ದರೆ ನಾಳೆ ತೋರಿಸಲಿಕ್ಕೆ ಆಗುತ್ತದೆ.

ನಾಲ್ಕನೇ ಹೆಜ್ಜೆ: ಸೂಟ್‌ಕೇಸು, ಅಂಚೆ, ಕೊರಿಯರ್ ಮರೆತುಬಿಡಿ

ದುಬೈಯಿಂದಲೋ ಬ್ಯಾಂಕಾಕಿನಿಂದಲೋ ಬರುವ ನೆಂಟರ ಬ್ಯಾಗಿನಲ್ಲಿ ತರಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಬ್ಯಾಗೇಜಿನಲ್ಲಿ ಸಾಕುಪ್ರಾಣಿ ತರುವ ರಿಯಾಯಿತಿ ನಾಯಿ, ಬೆಕ್ಕಿಗೆ ಮಾತ್ರ. ಅದೂ ಮನೆ ಬದಲಿಸಿ ಭಾರತಕ್ಕೆ ಬರುವವರಿಗೆ, ಹೆಚ್ಚೆಂದರೆ ಎರಡು. ಹುಳ ಸಿಕ್ಕರೆ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಜಪ್ತಿ, ಮೇಲೆ ದಂಡ, ದೊಡ್ಡ ಪ್ರಕರಣವಾದರೆ ಜೈಲು. ಹುಳವನ್ನು ಬಂದ ದೇಶಕ್ಕೇ ವಾಪಸ್ ಕಳಿಸಬಹುದು, ಇಲ್ಲವೇ ನಾಶಮಾಡಬಹುದು. ಸಿಕ್ಕಿಬೀಳುವುದು ನೆಂಟರು. ನಿಮ್ಮ ಹುಳದ ಆಸೆಗೆ ಅವರ ಪಾಸ್‌ಪೋರ್ಟು ಯಾಕೆ?

ಅಂತಾರಾಷ್ಟ್ರೀಯ ಅಂಚೆಯಲ್ಲೂ ಜೀವಂತ ಪ್ರಾಣಿ ಕಳಿಸುವಂತಿಲ್ಲ. ಜೇನುನೊಣ, ಜಿಗಣೆ, ರೇಷ್ಮೆಹುಳದಂಥ ಕೆಲವಕ್ಕಷ್ಟೇ ವಿನಾಯಿತಿ. ಅದೂ ಅಂಚೆಯ ನಿಯಮ ಅಷ್ಟೇ, ಕ್ವಾರಂಟೈನ್ ಪರ್ಮಿಟ್ ತಪ್ಪುವುದಿಲ್ಲ.

‘ಒಂದು ಇರುವೆಗೆ ಯಾರು ಕೇಸು ಹಾಕ್ತಾರೆ’ ಎನ್ನುವವರಿಗೆ ಎರಡು ಪ್ರಸಂಗ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದವರು ಸುಮಾರು 5,000 ರಾಣಿ ಇರುವೆಗಳನ್ನು ಟೆಸ್ಟ್‌ಟ್ಯೂಬ್‌ಗಳಲ್ಲಿ ತುಂಬಿಟ್ಟುಕೊಂಡು ಸಿಕ್ಕಿಬಿದ್ದರು. ಇರುವೆ ಸಾಕುವ ಹವ್ಯಾಸಿಗಳಿಗೆ ಮಾರುವ ಸರಕು ಅದು. ನ್ಯಾಯಾಲಯ ಹತ್ತು ಲಕ್ಷ ಶಿಲಿಂಗ್ ದಂಡ, ಕಟ್ಟದಿದ್ದರೆ ಒಂದು ವರ್ಷ ಜೈಲು ಎಂದಿತು. ನಮ್ಮ ದೇಶದಲ್ಲೇ 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ದುಂಬಿ, ಚಿಟ್ಟೆ ಹಿಡಿದಿದ್ದಕ್ಕೆ ಇಬ್ಬರು ಝೆಕ್ ಪ್ರಜೆಗಳ ಬಂಧನವಾಯಿತು. ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಮೂರು ವರ್ಷ ಶಿಕ್ಷೆ.

ಐದನೇ ಹೆಜ್ಜೆ: ಈಗಾಗಲೇ ಮನೆಯಲ್ಲಿದ್ದರೆ

ಇದು ಹೆಚ್ಚು ಜನರಿಗೆ ಬೇಕಾಗುವ ಭಾಗ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೊಂಡು ತಂದಿರುತ್ತೀರಿ. ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ಸೈಟಿಸ್ ಪಟ್ಟಿಯ ಜೀವಿಯಾದರೆ ನೋಂದಣಿ ಕಡ್ಡಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ಸೈಟಿಸ್ ಜೀವಿಗಳೆಲ್ಲ ನಮ್ಮ ಕಾನೂನಿನ ನಾಲ್ಕನೇ ಅನುಸೂಚಿಗೆ (ಶೆಡ್ಯೂಲ್) ಸೇರಿದವು. 2024ರ ಫೆಬ್ರುವರಿಯಲ್ಲಿ ನೋಂದಣಿ ನಿಯಮಗಳೂ ಬಂದವು. ಮೊದಲೇ ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಗಡುವು ಕೊಟ್ಟಿದ್ದರು, ಅದು ಮುಗಿದಿದೆ. ಹೊಸದಾಗಿ ಕೈಗೆ ಬಂದರೆ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. 2020ರಲ್ಲಿ ‘ನೀವಾಗಿಯೇ ಹೇಳಿಕೊಂಡರೆ ಕಾಗದ ಕೇಳುವುದಿಲ್ಲ’ ಎಂಬ ಅವಕಾಶವಿತ್ತು. ಈಗಲೂ ಕೆಲವು ಮಾರಾಟಗಾರರು ಅದನ್ನೇ ಹೇಳಿ ಮಾರುತ್ತಾರೆ. ಆ ಬಾಗಿಲು ಯಾವತ್ತೋ ಮುಚ್ಚಿದೆ.

ಬಿಲ್ಲು, ಮಾರಿದವರ ಹೆಸರು, ಪರ್ಮಿಟ್ ಪ್ರತಿ ಎಲ್ಲವನ್ನೂ ಜೋಪಾನ ಮಾಡಿ. ಈ ಕಾಯ್ದೆಯಲ್ಲಿ ಒಂದು ಉಲ್ಟಾ ನಿಯಮವಿದೆ. ಸೆರೆಯ ಪ್ರಾಣಿ ನಿಮ್ಮ ಕೈಯಲ್ಲಿದ್ದರೆ, ಅದು ಅಕ್ರಮ ಎಂದೇ ಮೊದಲು ಭಾವಿಸುತ್ತಾರೆ. ಸಕ್ರಮ ಎಂದು ತೋರಿಸುವ ಹೊರೆ ನಿಮ್ಮದು. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅತಿ ಬಿಗಿ ರಕ್ಷಣೆಯ ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠವೇ ಮೂರು ವರ್ಷ. ಹುಡುಗರು ಆರ್ಡರ್ ಮಾಡಿದರೂ ಪಾರ್ಸೆಲ್ ಬರುವುದು ಅಪ್ಪನ ಹೆಸರಿಗೆ, ನೆನಪಿರಲಿ.

ಪಟ್ಟಿಯಲ್ಲಿಲ್ಲದ ವಿದೇಶಿ ಹುಳವಾದರೆ? ಮನೆಯಲ್ಲಿರುವ ಹುಳಕ್ಕೆ ಇಂಥ ನೋಂದಣಿಯಿಲ್ಲ. ಆದರೆ ಅದು ಯಾವ ಪರ್ಮಿಟ್ ಮೇಲೆ ದೇಶದೊಳಗೆ ಬಂತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಬ್ಬ ವಕೀಲರ ಜೊತೆ ಕೂತು ಮಾತಾಡಿ. ಮರಿ ಮಾಡಿಸಬೇಡಿ, ಮಾರಬೇಡಿ, ಗೆಳೆಯರಿಗೆ ಹಂಚಬೇಡಿ.

ಸಾಕಲಾಗದೆ ಬೇಸತ್ತವರು ಮಾಡುವ ಒಂದು ಕೆಲಸ ನನಗೆ ಕೇಸಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ‘ಪಾಪ, ಬದುಕಿಕೊಳ್ಳಲಿ’ ಎಂದು ಕಾಲುವೆ ದಂಡೆಗೋ ಹೊಲದ ಬದುವಿಗೋ ಬಿಟ್ಟುಬರುವುದು. ತುಂಗಭದ್ರಾ ಎಡದಂಡೆ, ಬಲದಂಡೆಯ ಉದ್ದಕ್ಕೂ ಭತ್ತ, ಹತ್ತಿ, ಮೆಣಸು ಇರುವ ನಾಡಿನಲ್ಲಿ ಇದು ಪುಣ್ಯದ ಕೆಲಸವಲ್ಲ. ಹುಳ ಸತ್ತರೆ, ಅಥವಾ ಬೇಡದ ಮೊಟ್ಟೆ ಇದ್ದರೆ, ಹಾಸು ಮಣ್ಣಿನ ಸಮೇತ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಆಮೇಲೆ ಕಸಕ್ಕೆ ಹಾಕಿ. ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಬೇರೆಯೇ ಕೇಸು ಶುರುವಾಗುತ್ತದೆ.

ಆರನೇ ಹೆಜ್ಜೆ: ಇಲ್ಲಿಯ ಹುಳ ಸಾಕಿ, ಆದರೆ ನೋಡಿ ಸಾಕಿ

ನಮ್ಮ ದೇಶದ ಹುಳಗಳಲ್ಲೂ ಕಾಯ್ದೆಯ ಒಂದನೇ, ಎರಡನೇ ಅನುಸೂಚಿಯಲ್ಲಿರುವುವು ಇವೆ. ಅದರಲ್ಲಿ ಚಿಟ್ಟೆಗಳೇ ಜಾಸ್ತಿ. ಹೆಸರು ಗೊತ್ತಿಲ್ಲದ ಚಿಟ್ಟೆ ಹಿಡಿಯಬೇಡಿ. ಹಿಡಿಯುವುದೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಎಲ್ಲಿಂದ ತಂದಿರಿ ಎನ್ನುವುದೂ ಮುಖ್ಯ. ದರೋಜಿ ಕರಡಿಧಾಮ, ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮದಂಥ ಜಾಗದಿಂದ ಅನುಮತಿಯಿಲ್ಲದೆ ಒಂದು ಇರುವೆಯನ್ನೂ ತರುವಂತಿಲ್ಲ. ಸಂಡೂರಿನ ಮೀಸಲು ಅರಣ್ಯದಲ್ಲೂ ಕೈ ಹಾಕಬೇಡಿ.

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಹಿತ್ತಲಿನ ಸೂರ್ಯನ ಕುದುರೆ, ಮನೆಯ ಮೂಲೆಯಲ್ಲಿ ಕಿರಗುಟ್ಟುವ ಜೀರುಂಡೆ, ಕರಿಬೇವಿನ ಗಿಡದ ಹಸಿರು ಕಂಬಳಿಹುಳ. ರೇಷ್ಮೆಹುಳ ಬೇಕೆಂದರೆ ರೇಷ್ಮೆ ಇಲಾಖೆಯವರನ್ನು ಕೇಳಿ. ಮೊಟ್ಟೆ ಮಾರಾಟಕ್ಕೆ ಲೈಸೆನ್ಸ್ ಬೇಕು, ಹಾಗಾಗಿ ಎಲ್ಲೆಲ್ಲಿಂದಲೋ ತರಬೇಡಿ. ಹಿಪ್ಪುನೇರಳೆ ಸೊಪ್ಪು ದಿನಾ ಸಿಗುತ್ತದಾ ಎಂದೂ ನೋಡಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ಅದೇ ಕಷ್ಟ.

ಅಕ್ಕನ ಮಗನಿಗೆ ಕೊನೆಗೆ ನಾನು ತೋರಿಸಿದ್ದು ಎಕ್ಕದ ಗಿಡ. ಶನಿವಾರ ಹನುಮಪ್ಪನಿಗೆ ಮಾಲೆ ಮಾಡುವ ಅದೇ ಎಕ್ಕ, ಬಳ್ಳಾರಿಯಲ್ಲಿ ಖಾಲಿ ಸೈಟು ಇದ್ದಲ್ಲೆಲ್ಲಾ ಇದೆ. ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಹುಳ ಸಿಗುತ್ತದೆ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಲ್ಲೆಡೆ ಇರುವ ಸಾಮಾನ್ಯ ಜಾತಿ. ದೊಡ್ಡ ಡಬ್ಬಿ, ಬಾಯಿಗೆ ತೆಳು ಬಟ್ಟೆ, ದಿನಕ್ಕೊಮ್ಮೆ ಹೊಸ ಎಲೆ, ಹಿಕ್ಕೆ ಒರೆಸಲು ಹಳೆಯ ಪೇಪರ್. ಇಷ್ಟೇ ಸಾಮಾನು. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಡಿಮೆ ಮೂರು ವಾರ. ಕೋಶ ಕಟ್ಟಿದ ಮೇಲೆ ಡಬ್ಬಿ ಅಲುಗಾಡಿಸಬೇಡಿ. ಚಿಟ್ಟೆ ಹೊರಬಂದು ರೆಕ್ಕೆ ಒಣಗಿದ ಮೇಲೆ ಮರಿ ಸಿಕ್ಕ ಗಿಡದ ಹತ್ತಿರವೇ ಬಿಟ್ಟುಬಿಡಿ.

ಎಕ್ಕದ ಎಲೆ ಕೀಳುವಾಗ ಒಸರುವ ಹಾಲು ಕಣ್ಣಿಗೆ ತಾಗಬಾರದು, ಬಹಳ ಉರಿಯುತ್ತದೆ. ನಮ್ಮ ಹುಡುಗ ಮೊದಲ ದಿನವೇ ಆ ಕೈಯಲ್ಲಿ ಕಣ್ಣುಜ್ಜಿಕೊಂಡು ಮನೆಯೆಲ್ಲಾ ಕುಣಿದಾಡಿದ. ಎಲೆ ಕಿತ್ತ ತಕ್ಷಣ ಸೋಪು ಹಚ್ಚಿ ಕೈ ತೊಳೆಸಿ.